ಅಂತರ್ರಾಷ್ಟ್ರೀಯ ವಿದ್ಯಾಭ್ಯಾಸದ ದಶಗುಣಗಳು

೧

ವಿದ್ಯೆಯಿಂದ ಮನುಷ್ಯನಲ್ಲಿ ಯಾವ ಗುಣಗಳು ನೆಲೆಗೊಳ್ಳಬೇಕೆಂಬ ಪ್ರಶ್ನೆಯು ವಿದ್ಯೆಯಷ್ಟೇ ಪುರಾತನವಾದುದು. ಆದರೆ ಆ ಗುಣಗಳನ್ನು ಎಣಿಸಿ, ಒಂದೊಂದಕ್ಕೂ ಹೆಸರಿಟ್ಟು, ಲಕ್ಷಣವನ್ನು ಹೇಳಿ, ದೇಶಭಾಷೆಗಳ ಭೇದವಿಲ್ಲದೆ ಸಾವಿರಾರು ಪಾಠಶಾಲೆಗಳಿಗೆ ಒಂದೇ ಪಟ್ಟಿಯಾಗಿ ಕೊಡುವ ಪ್ರಯತ್ನವು ಇತ್ತೀಚಿನದು. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಎಂಬ ಸಂಸ್ಥೆಯು ೨೦೦೬ರಲ್ಲಿ ತನ್ನ ಎಲ್ಲ ಶಾಲೆಗಳಿಗೂ ಅನ್ವಯಿಸುವಂತೆ ಪ್ರಕಟಿಸಿ, ೨೦೧೩ರಲ್ಲಿ ತಿದ್ದಿ ಹೊರಡಿಸಿದ ವಿದ್ಯಾರ್ಥಿಲಕ್ಷಣ ಪತ್ರವು ಇಂತಹ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದು. ಅದು ಒಂದೇ ಪುಟದ ಬರಹ, ಆದರೆ ಅದನ್ನು ಗೋಡೆಯ ಮೇಲೆ ತೂಗುಹಾಕಿದ ಶಾಲೆಗಳು ಎಲ್ಲ ಭೂಖಂಡಗಳಲ್ಲಿಯೂ ಉಂಟು, ಬೆಂಗಳೂರಿನಲ್ಲಿಯೂ ಉಂಟು. ಇಷ್ಟು ಮಕ್ಕಳ ನಡತೆಗೆ ಮಾದರಿಯೆನಿಸಿಕೊಂಡ ಬರಹವನ್ನು ಒಂದು ಶಾಸ್ತ್ರಗ್ರಂಥದಂತೆ ಪರಿಶೀಲಿಸುವುದು ಅನುಚಿತವಾಗಲಾರದು.

ಈ ಪತ್ರಕ್ಕೆ ಹಿನ್ನೆಲೆಯಾದ ಚರಿತ್ರೆಯನ್ನು ಮೊದಲು ಸಂಕ್ಷೇಪವಾಗಿ ನೆನೆಯಬೇಕು. ಒಂದನೆಯ ಮಹಾಯುದ್ಧವು ಮುಗಿದ ಮೇಲೆ ಜಿನೀವಾ ನಗರದಲ್ಲಿ ರಾಷ್ಟ್ರಸಂಘವೂ ಅಂತರ್ರಾಷ್ಟ್ರೀಯ ಕಾರ್ಮಿಕ ಕಚೇರಿಯೂ ನೆಲೆಗೊಂಡುವು. ಅಲ್ಲಿ ಕೆಲಸಕ್ಕೆ ಬಂದ ನಾನಾ ದೇಶದವರ ಮಕ್ಕಳಿಗಾಗಿ ೧೯೨೪ರಲ್ಲಿ ಒಂದು ಅಂತರ್ರಾಷ್ಟ್ರೀಯ ಶಾಲೆಯು ಏರ್ಪಟ್ಟಿತು. ೧೯೨೯ರಿಂದ ೧೯೪೯ರವರೆಗೆ ಅದನ್ನು ನಡಸಿದ ಮರೀ ತೆರೇಸ್ ಮೋರೆತ್ ಎಂಬ ವಿದುಷಿಯು ಶಾಂತಿಗಾಗಿ ವಿದ್ಯಾಭ್ಯಾಸವೆಂಬ ವಿಷಯವನ್ನು ಕುರಿತು ೧೯೪೮ರಲ್ಲಿ ಯುನೆಸ್ಕೋ ಸಂಸ್ಥೆಗೆ ಒಂದು ಪ್ರಬಂಧವನ್ನು ಬರೆದುಕೊಟ್ಟಳು. ಸ್ವದೇಶದ ನಕ್ಷೆಗಿಂತ ಮೊದಲು ಭೂಮಂಡಲದ ಸಮಗ್ರ ಚಿತ್ರವನ್ನು ಮಗುವಿನ ಮುಂದಿಡಬೇಕು. ರಾಷ್ಟ್ರದ ಇತಿಹಾಸದಿಂದ ಆರಂಭಿಸದೆ ಪ್ರಪಂಚದ ಇತಿಹಾಸವನ್ನು ತಕ್ಕ ವಯಸ್ಸಿನಲ್ಲಿ ಕಲಿಸಬೇಕು. ಪ್ರತಿಯೊಬ್ಬರೂ ಎರಡು ಭಾಷೆಗಳಲ್ಲಿ ವ್ಯವಹರಿಸುವಂತಾಗಬೇಕು, ಎಂಬಿವು ಆಕೆಯ ಮುಖ್ಯ ಅಭಿಪ್ರಾಯಗಳು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆಕೆಯು ಗುಣಗಳ ಪಟ್ಟಿಯನ್ನು ಮುಂದಿಟ್ಟು ಹೊರಡಲಿಲ್ಲ. ಏನನ್ನು ಕಲಿಸಬೇಕು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ಹೇಳಿದಳು. ಗುಣವು ಆ ಕಲಿಕೆಯ ಫಲವಾಗಿ ತಾನೇ ಒದಗುವುದೆಂಬುದು ಆಕೆಯ ನಂಬಿಕೆಯಾಗಿತ್ತು.

೧೯೬೮ರಲ್ಲಿ ಅದೇ ಜಿನೀವಾದಲ್ಲಿ ಬ್ಯಾಕಲೋರಿಯೆಟ್ ಸಂಸ್ಥೆಯು ಜನ್ಮತಾಳಿತು. ಆಕ್ಸ್‌ಫರ್ಡಿನ ಶಿಕ್ಷಣ ವಿಭಾಗವನ್ನು ನಡಸುತ್ತಿದ್ದ ಅಲೆಕ್ ಪೀಟರ್‌ಸನ್ ಅದರ ಮೊದಲನೆಯ ಮಹಾನಿರ್ದೇಶಕನಾದನು. ಆರು ವಿಷಯಗಳ ವ್ಯಾಸಂಗ, ಜ್ಞಾನದ ಸ್ವರೂಪವನ್ನು ಕುರಿತ ವಿಚಾರ, ಒಂದು ದೀರ್ಘ ಪ್ರಬಂಧ, ಇವುಗಳೊಡನೆ ಕಲೆ, ವ್ಯಾಯಾಮ, ಸೇವೆ, ಇವೆಲ್ಲವನ್ನೂ ಆ ಡಿಪ್ಲೊಮಾ ಒಳಗೊಂಡಿತು. ಮುಂದೆ ೧೯೯೪ರಲ್ಲಿ ಮಾಧ್ಯಮಿಕ ತರಗತಿಗಳ ಕ್ರಮವೂ, ೧೯೯೭ರಲ್ಲಿ ಪ್ರಾಥಮಿಕ ತರಗತಿಗಳ ಕ್ರಮವೂ ಸೇರಿದುವು. ಹತ್ತು ಗುಣಗಳ ಪಟ್ಟಿಯು ಹುಟ್ಟಿದ್ದು ಈ ಪ್ರಾಥಮಿಕ ಕ್ರಮದಲ್ಲಿ. ಚಿಕ್ಕ ಮಕ್ಕಳಿಗೆಂದು ಬರೆದುದನ್ನೇ ೨೦೦೬ರಲ್ಲಿ ಎಲ್ಲರಿಗೂ ವಿಸ್ತರಿಸಲಾಯಿತು.

೨

ಇಂಗ್ಲಿಷ್ ಮೂಲದ ಹತ್ತು ಹೆಸರುಗಳನ್ನು ಕನ್ನಡಕ್ಕೆ ತಂದರೆ ಸುಮಾರಾಗಿ ಹೀಗಾಗುತ್ತದೆ: ಜಿಜ್ಞಾಸುಗಳು, ತಿಳಿವಳಿಕೆಯುಳ್ಳವರು, ವಿಚಾರಪರರು, ಸಂವಾದಕುಶಲರು, ನೀತಿನಿಷ್ಠರು, ತೆರೆದ ಮನಸ್ಸಿನವರು, ಕನಿಕರವುಳ್ಳವರು, ಸಾಹಸಕ್ಕೆ ಮುಂದಾಗುವವರು, ಸಮತೋಲವುಳ್ಳವರು, ಆತ್ಮಪರಿಶೀಲಕರು.

ಭಾಷಾಂತರ ಮಾಡುವಾಗಲೇ ಕೆಲವು ತೊಡಕುಗಳು ಕಾಣಬರುತ್ತವೆ. ಎರಡನೆಯ ಗುಣಕ್ಕೆ ‘ಜ್ಞಾನಿ’ ಎಂದು ಬರೆದರೆ ಕನ್ನಡದ ವಾಚಕನ ಮನಸ್ಸಿಗೆ ಸಂಸಾರದ ಬಂಧವನ್ನು ಕಳಚಿಕೊಂಡ ಮಹನೀಯನು ಬರುವನೇ ಹೊರತು ಹತ್ತು ವಿಷಯಗಳನ್ನು ಬಲ್ಲ ಹುಡುಗನು ಬರುವುದಿಲ್ಲ. ಏಳನೆಯದಕ್ಕೆ ‘ದಯೆ’ ಎಂಬುದು ಒಪ್ಪುವ ಶಬ್ದವಾದರೂ, ಶರಣರ ಮಾತಿನಲ್ಲಿ ಬೆಳೆದ ಕನ್ನಡಿಗನಿಗೆ ದಯೆಯು ಹತ್ತರಲ್ಲಿ ಏಳನೆಯದಲ್ಲ, ಧರ್ಮದ ಬೇರೇ ಅದು. ಎಂಟನೆಯದರಲ್ಲಿ ತೊಡಕು ಇನ್ನೂ ಹೆಚ್ಚು. ಇಂಗ್ಲಿಷಿನ ಶಬ್ದವು ಅಪಾಯವನ್ನು ಮೈಮೇಲೆ ಹಾಕಿಕೊಳ್ಳುವವನನ್ನು ಹೇಳುತ್ತದೆ. ಅದೇ ಸಂಸ್ಥೆಯ ಫ್ರೆಂಚ್ ಮತ್ತು ಸ್ಪ್ಯಾನಿಷ್ ಪಾಠಗಳಲ್ಲಿರುವ ಶಬ್ದಗಳಾದರೋ ಎದೆಗಾರಿಕೆಯನ್ನು ಹೇಳುತ್ತವೆ. ಅಪಾಯವನ್ನು ಜೂಜುಗಾರನೂ ಹಾಕಿಕೊಳ್ಳುತ್ತಾನೆ, ಎದೆಗಾರಿಕೆ ಬೇರೆ. ಸಂಸ್ಥೆಯ ಸ್ವಂತ ಭಾಷೆಗಳಲ್ಲಿಯೇ ಹೀಗೆ ಅರ್ಥವು ಕವಲೊಡೆದಿರುವಾಗ, ಈ ಪಟ್ಟಿಯು ಭಾಷಾನಿರಪೇಕ್ಷವಾಗಿ ಸಾರ್ವತ್ರಿಕವಾದುದೆಂದು ಹೇಳುವುದು ಕಷ್ಟ.

೩

ಕನ್ನಡ ಸಾಹಿತ್ಯಶಾಸ್ತ್ರದ ಪರಿಚಯವುಳ್ಳವರಿಗೆ ‘ಹತ್ತು ಗುಣಗಳು’ ಎಂದೊಡನೆ ಬೇರೊಂದು ಹಳೆಯ ಚರ್ಚೆಯು ಸ್ಮರಣೆಗೆ ಬಾರದಿರದು. ಕಾವ್ಯಕ್ಕೆ ಶ್ಲೇಷ, ಪ್ರಸಾದ, ಸಮತೆ, ಮಾಧುರ್ಯ ಮೊದಲಾದ ಹತ್ತು ಗುಣಗಳುಂಟೆಂದು ದಂಡಿಯು ಹೇಳಿದನು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಅವನನ್ನು ಅನುಸರಿಸಿತು. ಆದರೆ ಈ ಗುಣಗಳು ಎಲ್ಲೆಡೆಯಲ್ಲಿಯೂ ಒಂದೇ ಬಗೆಯಾಗಿ ಬೆಳಗುವುದಿಲ್ಲ, ಮಾರ್ಗಭೇದದಿಂದ ಭಿನ್ನವಾಗುತ್ತವೆ ಎಂಬುದನ್ನು ಆ ಲಾಕ್ಷಣಿಕರು ಮರೆಯಲಿಲ್ಲ. ಮುಂದೆ ಕಾಶ್ಮೀರದ ಮಮ್ಮಟನು ಹತ್ತು ಗುಣಗಳ ಪಟ್ಟಿಯನ್ನು ಮೂರು ಒರೆಗಳಿಗೆ ಹಚ್ಚಿದನು. ಕೆಲವು ಗುಣಗಳು ಇತರ ಗುಣಗಳಲ್ಲಿಯೇ ಅಂತರ್ಭವಿಸುತ್ತವೆ. ಕೆಲವು ದೋಷದ ಅಭಾವವೇ ಹೊರತು ಸ್ವತಂತ್ರ ಗುಣಗಳಲ್ಲ. ಕೆಲವು ಒಂದೊಂದೆಡೆಯಲ್ಲಿ ದೋಷವೇ ಆಗುತ್ತವೆ. ಆದುದರಿಂದ ಗುಣಗಳು ಹತ್ತಲ್ಲ, ಮೂರೇ ಎಂಬುದು ಅವನ ಸಿದ್ಧಾಂತ. ಕಾವ್ಯಗುಣಗಳಿಗೂ ವಿದ್ಯಾರ್ಥಿಗುಣಗಳಿಗೂ ಸಂಬಂಧವೇನೆಂದು ಕೇಳಬಹುದು. ಗುಣಗಳನ್ನು ವಿವರಿಸಲು ಮಮ್ಮಟನೇ ಮನುಷ್ಯನ ಶೌರ್ಯಾದಿಗಳನ್ನು ಹೋಲಿಕೆಯಾಗಿ ತಂದಿರುವುದರಿಂದ, ಆ ಒರೆಗಲ್ಲನ್ನು ಮನುಷ್ಯಗುಣಗಳಿಗೆ ಹಿಂದಿರುಗಿಸಿ ಬಳಸುವುದರಲ್ಲಿ ಬಲಾತ್ಕಾರವೇನೂ ಇಲ್ಲ.

ಮೊದಲನೆಯದಾಗಿ ಅಂತರ್ಭಾವ. ಜಿಜ್ಞಾಸೆ, ವಿಚಾರ, ಆತ್ಮಪರಿಶೀಲನೆ, ಈ ಮೂರೂ ಒಂದೇ ಶಕ್ತಿಯ ಮೂರು ಮುಖಗಳು. ಕಾಣದ ವಸ್ತುವಿನ ಕಡೆಗೆ ತಿರುಗಿದಾಗ ಅದು ಜಿಜ್ಞಾಸೆ. ಕಂಡ ವಸ್ತುವಿನಲ್ಲಿ ತೊಡಗಿದಾಗ ವಿಚಾರ. ತನ್ನ ಕಡೆಗೇ ತಿರುಗಿದಾಗ ಆತ್ಮಪರಿಶೀಲನೆ. ತಿಳಿವಳಿಕೆಯು ಆ ಶಕ್ತಿಯ ಫಲ. ಸಂವಾದವು ಆ ಫಲವನ್ನು ಹಂಚಿಕೊಳ್ಳುವ ಬಗೆ. ಹತ್ತರಲ್ಲಿ ಐದು ಹೀಗೆ ‘ಅರಿವು’ ಎಂಬ ಒಂದರಲ್ಲಿಯೇ ಅಡಗುತ್ತವೆ. ಹತ್ತು ಹೆಸರುಗಳಿಂದಾಗಿ ಪಟ್ಟಿಯು ಸರ್ವಾಂಗೀಣವೆಂಬ ಭಾವನೆಯನ್ನುಂಟುಮಾಡಿದರೂ ಅದರ ಅರ್ಧ ಭಾಗವು ಬುದ್ಧಿಯನ್ನೇ ಕುರಿತದ್ದು.

ಎರಡನೆಯದಾಗಿ ದೋಷಾಭಾವ. ತೆರೆದ ಮನಸ್ಸೆಂದರೆ ದುರಭಿಮಾನವಿಲ್ಲದಿರುವುದು, ಸಮತೋಲವೆಂದರೆ ಅತಿಯಿಲ್ಲದಿರುವುದು. ಇವು ಬೇಕಾದುವುಗಳೇ, ಆದರೆ ಬಾಗಿಲು ತೆರೆದಿದೆಯೆಂಬುದರಿಂದ ಮನೆಯೊಳಗೆ ಯಾರಾದರೂ ವಾಸವಾಗಿದ್ದಾರೆಂದು ತಿಳಿಯುವುದಿಲ್ಲ. ಇತರರು ತಮ್ಮ ಭೇದಗಳೊಡನೆಯೇ ಸರಿಯಾಗಿಯೂ ಇರಬಹುದೆಂಬ ಅರ್ಥದ ಮಾತು ಈ ಸಂಸ್ಥೆಯ ಧ್ಯೇಯವಾಕ್ಯದಲ್ಲಿದೆ. ಅದು ಉದಾರವಾದ ಮಾತು. ಆದರೆ ಇದಕ್ಕೆ ಸಮೀಪವಾದ ತತ್ತ್ವವನ್ನು ಬಹು ಹಿಂದೆಯೇ ಪ್ರತಿಪಾದಿಸಿದ ಜೈನದಾರ್ಶನಿಕರು ಅಲ್ಲಿಗೆ ನಿಲ್ಲಲಿಲ್ಲ. ಯಾವ ಅಪೇಕ್ಷೆಯಿಂದ ಸರಿ, ಯಾವ ಅಪೇಕ್ಷೆಯಿಂದ ಅಲ್ಲ ಎಂದು ವಿಂಗಡಿಸಿ ಹೇಳುವ ಹೊಣೆಯನ್ನು ಹೊತ್ತರು. ಆ ಹೊಣೆಯಿಲ್ಲದ ಅನೇಕಾಂತವು ಅನಿಶ್ಚಯವಾಗಿ ಪರಿಣಮಿಸುತ್ತದೆ.

ಮೂರನೆಯದಾಗಿ ಕ್ವಚಿದ್ದೋಷ. ಹತ್ತು ಗುಣಗಳಲ್ಲೊಂದಾದ ‘ಸಮತೆ’ಯನ್ನು ಕುರಿತು ಮಮ್ಮಟನು ಹೇಳಿದುದು ಇಲ್ಲಿ ಬಹಳ ಸಾರ್ಥಕವಾಗಿದೆ. ಆರಂಭಿಸಿದ ರೀತಿಯನ್ನು ಕೊನೆಯವರೆಗೂ ಬಿಡದಿರುವುದು ಸಮತೆ. ಆದರೆ ವಸ್ತುವು ಉಗ್ರವಾದಾಗಲೂ ರೀತಿಯನ್ನು ಬದಲಿಸದಿದ್ದರೆ ಅದು ದೋಷ. ವಿದ್ಯಾರ್ಥಿಯ ಸಮತೋಲಕ್ಕೂ ತೆರೆದ ಮನಸ್ಸಿಗೂ ಇದೇ ನಿಯಮವು ಅನ್ವಯಿಸುತ್ತದೆ. ಇದಕ್ಕೆ ನಿದರ್ಶನವು ಅಂತರ್ರಾಷ್ಟ್ರೀಯ ವಿದ್ಯಾಭ್ಯಾಸದ ಚರಿತ್ರೆಯಲ್ಲಿಯೇ ಉಂಟು. ಜರ್ಮನಿಯಲ್ಲಿ ೧೯೨೦ರಲ್ಲಿ ಸೇಲಂ ಶಾಲೆಯನ್ನು ಸ್ಥಾಪಿಸಿದವರಲ್ಲಿ ಕುರ್ಟ್ ಹಾನ್ ಒಬ್ಬನು. ೧೯೩೨ರಲ್ಲಿ ಪೊಟೆಂಪಾ ಗ್ರಾಮದಲ್ಲಿ ನಾಜಿಗಳು ಒಬ್ಬನನ್ನು ಅವನ ತಾಯಿಯ ಎದುರಿಗೇ ಕೊಂದರು. ಹಿಟ್ಲರನು ಕೊಲೆಗಾರರ ಪಕ್ಷವನ್ನು ವಹಿಸಿದನು. ಆಗ ಹಾನನು ಸೇಲಮಿನ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದು, ಹಿಟ್ಲರನನ್ನಾದರೂ ಬಿಡಿ, ಸೇಲಮನ್ನಾದರೂ ಬಿಡಿ ಎಂಬ ಅರ್ಥದ ನಿಷ್ಠುರ ಸಂದೇಶವನ್ನು ಕೊಟ್ಟನು. ೧೯೩೩ರಲ್ಲಿ ಅವನು ಸೆರೆಯಾಗಿ, ಬಿಡುಗಡೆಯಾದ ಬಳಿಕ ಬ್ರಿಟನ್ನಿಗೆ ಹೋದನು. ಆ ಪತ್ರದಲ್ಲಿ ಸಮತೋಲವಿರಲಿಲ್ಲ. ಎದುರಾಳಿಯೂ ಸರಿಯಿರಬಹುದೆಂಬ ವಿಕಲ್ಪಕ್ಕೂ ಅಲ್ಲಿ ಎಡೆಯಿರಲಿಲ್ಲ. ಇದ್ದಿದ್ದರೆ ಆ ವಿದ್ಯಾಗುರುವಿನ ಹೆಸರು ಇಂದು ಈ ಗೌರವದಿಂದ ಉಳಿಯುತ್ತಿರಲಿಲ್ಲ.

೪

ಹಸ್ತಪ್ರತಿಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ಹೋಲಿಸಿ ನೋಡುವ ಹಾಗೆ ೨೦೦೬ರ ಪಾಠವನ್ನೂ ೨೦೧೩ರ ಪಾಠವನ್ನೂ ಹೋಲಿಸಿದರೆ ಈ ವಿಚಾರವು ಮತ್ತಷ್ಟು ವಿಶದವಾಗುತ್ತದೆ. ಹತ್ತು ಹೆಸರುಗಳೂ ಅವುಗಳ ಕ್ರಮವೂ ಬದಲಾಗಿಲ್ಲ, ಲಕ್ಷಣವಾಕ್ಯಗಳು ಬದಲಾಗಿವೆ.

ಮೊದಲನೆಯ ಪಾಠವು ವಿದ್ಯಾರ್ಥಿಗಳನ್ನು ‘ಅವರು’ ಎಂದು ಪ್ರಥಮಪುರುಷದಲ್ಲಿ ನಿರ್ದೇಶಿಸಿತು. ಎರಡನೆಯದು ‘ನಾವು’ ಎಂದು ಉತ್ತಮಪುರುಷಕ್ಕೆ ತಿರುಗಿತು. ಈ ಬದಲಾವಣೆಯು ಶ್ಲಾಘ್ಯವಾದುದು. ಗುಣಗಳು ಮಕ್ಕಳಿಗೆ ಮಾತ್ರ ವಿಧಿಸಿದ ಕಟ್ಟಳೆಯಾಗದೆ, ಉಪಾಧ್ಯಾಯರನ್ನೂ ಒಳಗೊಂಡ ಒಂದು ಸಮುದಾಯದ ಸಂಕಲ್ಪವಾದುವು. ಸಮತೋಲದ ಲಕ್ಷಣದಲ್ಲಿ ಇತರ ಮನುಷ್ಯರೊಡನೆಯೂ ಪ್ರಪಂಚದೊಡನೆಯೂ ಇರುವ ಪರಸ್ಪರಾವಲಂಬನವನ್ನು ಸೇರಿಸಿದುದೂ ಒಳ್ಳೆಯದೇ.

ಆದರೆ ಎಂಟನೆಯ ಗುಣದಲ್ಲಿ ಆಗಿರುವ ಮಾರ್ಪಾಡು ಚಿಂತನಾರ್ಹವಾಗಿದೆ. ೨೦೦೬ರ ಪಾಠದಲ್ಲಿ ಧೈರ್ಯವೆಂಬ ಶಬ್ದವಿತ್ತು. ಸ್ವತಂತ್ರವಾದ ಅಂತಃಸತ್ತ್ವವೆಂಬ ಮಾತಿತ್ತು. ತಮ್ಮ ನಂಬಿಕೆಗಳನ್ನು ಅಂಜದೆ, ಸ್ಪಷ್ಟವಾಗಿ ಸಮರ್ಥಿಸುವವರು ಎಂಬ ಅಂಶವಿತ್ತು. ೨೦೧೩ರ ಪಾಠದಲ್ಲಿ ನಂಬಿಕೆಗಳ ಸಮರ್ಥನೆಯು ಮಾಯವಾಗಿದೆ. ಅದರ ಸ್ಥಳದಲ್ಲಿ ದೃಢತೆ, ಸಹಕಾರ, ಹೊಸ ಉಪಾಯಗಳ ಶೋಧನೆ, ಬದಲಾವಣೆಯ ಎದುರಿನಲ್ಲಿ ಕುಗ್ಗದೆ ಚೇತರಿಸಿಕೊಳ್ಳುವ ಶಕ್ತಿ, ಇವು ಬಂದಿವೆ. ಮೊದಲನೆಯ ಪಾಠದ ಧೀರನು ತನ್ನ ಮಾತಿಗೆ ಕಟ್ಟುಬಿದ್ದು ನಿಲ್ಲುವವನು; ಎರಡನೆಯ ಪಾಠದ ಧೀರನು ಗಾಳಿಗೆ ಬಾಗಿ ಮತ್ತೆ ಏಳುವವನು. ಬಾಗಿ ಏಳುವುದು ಬಾಳಿಗೆ ಬೇಕಾದ ಜಾಣ್ಮೆಯೇ. ಯಾವ ಉದ್ಯೋಗಕ್ಕೂ ಅದು ಉಪಯುಕ್ತ. ಆದರೆ ೧೯೩೨ರ ಆ ಪತ್ರವನ್ನು ಬರೆಯಲು ಬೇಕಾದ ಗುಣವು ಮೊದಲನೆಯ ಪಾಠದಲ್ಲಿದೆ, ಎರಡನೆಯದರಲ್ಲಿಲ್ಲ. ಈ ತಿದ್ದುಪಾಟಿನ ಉದ್ದೇಶವೇನೇ ಇರಲಿ, ನೀತಿನಿಷ್ಠೆಯನ್ನು ಪಟ್ಟಿಯಲ್ಲಿ ಉಳಿಸಿಕೊಂಡು, ಅದನ್ನು ಆಪತ್ತಿನಲ್ಲಿ ಎತ್ತಿಹಿಡಿಯುವ ಧೈರ್ಯವನ್ನು ಕೈಬಿಟ್ಟಂತಾಯಿತು. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪ್ರಾಚೀನ ಪಾಠವೇ ಗ್ರಾಹ್ಯವಾದುದು.

೫

ಗುಣಗಳು ಎಷ್ಟು ಎಂಬುದಕ್ಕಿಂತ, ಅವು ಯಾವುದರ ಗುಣಗಳು ಎಂಬ ಪ್ರಶ್ನೆಯು ಹೆಚ್ಚು ಗಹನವಾದುದು. ಶೌರ್ಯವು ಆತ್ಮದ ಧರ್ಮವೇ ಹೊರತು ಶರೀರದ್ದಲ್ಲ. ಹಾಗೆಯೇ ಗುಣಗಳು ರಸದ ಧರ್ಮಗಳು, ಬರಿಯ ಶಬ್ದಗಳವಲ್ಲ ಎಂದು ಮಮ್ಮಟನು ಪ್ರತಿಪಾದಿಸಿದನು. ದೊಡ್ಡ ಆಕಾರವನ್ನು ಕಂಡು ಜನರು ‘ಈ ಆಕಾರವೇ ಶೂರವಾದುದು’ ಎಂದು ಭ್ರಮಿಸುವುದುಂಟೆಂದೂ ಅವನು ತೋರಿಸಿಕೊಟ್ಟನು. ಗುಣಗಳ ಹೆಸರುಗಳನ್ನು ಗೋಡೆಗೆ ಹಚ್ಚಿ, ಮಕ್ಕಳಿಂದ ಆ ಹೆಸರುಗಳನ್ನು ಹೇಳಿಸಿ, ‘ಇಂದು ನಾನು ಕನಿಕರವುಳ್ಳವನಾಗಿದ್ದೆನು’ ಎಂದು ಬರೆಯಿಸುವ ಶಾಲೆಯು ಇದೇ ಭ್ರಮೆಗೆ ಒಳಗಾಗುವ ಸಂಭವವುಂಟು. ತನ್ನ ದಯೆಯನ್ನು ತಾನೇ ಲೆಕ್ಕವಿಡುವ ಬಾಲಕನಲ್ಲಿ ದಯೆಗಿಂತ ಲೆಕ್ಕವೇ ಬೆಳೆಯುತ್ತದೆ.

ಹಾಗಾದರೆ ಈ ಗುಣಗಳಿಗೆ ಆಶ್ರಯವಾವುದು? ಇದಕ್ಕೆ ಉತ್ತರವು ಸಿದ್ಧಾಂತದಲ್ಲಿ ಅಲ್ಲ, ಒಂದು ದೋಣಿಯಲ್ಲಿ ದೊರೆಯುತ್ತದೆ. ಹಾನನ ಪ್ರೇರಣೆಯಿಂದ ೧೯೬೨ರಲ್ಲಿ ವೇಲ್ಸ್ ದೇಶದ ಸೇಂಟ್ ಡೊನಾಟ್ಸ್ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ಆರಂಭವಾಯಿತು. ನಾನಾ ದೇಶಗಳ ತರುಣರು ಅಲ್ಲಿ ಒಟ್ಟಿಗೆ ವಾಸವಾಗಿದ್ದು ವ್ಯಾಸಂಗ ಮಾಡತೊಡಗಿದರು. ಬ್ಯಾಕಲೋರಿಯೆಟ್ಟನ್ನು ಮೊದಮೊದಲು ಕೈಕೊಂಡು ಬೆಳಸಿದ ವಿದ್ಯಾಲಯಗಳಲ್ಲಿ ಅದೂ ಒಂದು. ಕೋಟೆಯ ಕೆಳಗಿನ ಸಮುದ್ರವು ಉಬ್ಬರವಿಳಿತಗಳಿಂದ ಅಪಾಯಕರವಾದುದು. ವಿದ್ಯಾರ್ಥಿಗಳು ಅಲ್ಲಿ ಜೀವರಕ್ಷಣೆಯ ಕೆಲಸವನ್ನು ವಹಿಸಿಕೊಂಡರು. ೧೯೬೩ರಿಂದ ೨೦೧೩ರವರೆಗೆ ಕಾಲೇಜಿನಲ್ಲಿ ರಕ್ಷಣಾ ನೌಕೆಯ ಠಾಣೆಯಿತ್ತು. ಗಾಳಿ ತುಂಬಿದ ರಬ್ಬರಿನ ದೋಣಿಯ ತಳವು ಬೇಗನೆ ಸವೆದುಹೋಗುತ್ತಿದ್ದುದರಿಂದ, ಪ್ರಾಂಶುಪಾಲನಾಗಿದ್ದ ನೌಕಾಧಿಕಾರಿ ಡೆಸ್ಮಂಡ್ ಹೋರನೂ ವಿದ್ಯಾರ್ಥಿಗಳೂ ಸೇರಿ ಗಟ್ಟಿಯಾದ ತಳವನ್ನೂ ಗಾಳಿ ತುಂಬಿದ ಪಕ್ಕಗಳನ್ನೂ ಕೂಡಿಸಿ ಹೊಸ ಬಗೆಯ ದೋಣಿಗಳನ್ನು ಕಟ್ಟಿ ಕಟ್ಟಿ ನೋಡಿದರು. ಇಂದು ಜಗತ್ತಿನ ಕರಾವಳಿಗಳಲ್ಲೆಲ್ಲ ಜೀವರಕ್ಷಕರು ಬಳಸುವ ದೋಣಿಯ ಮೂಲರೂಪವು ಹೀಗೆ ಒಂದು ವಿದ್ಯಾಲಯದಲ್ಲಿ ಹುಟ್ಟಿತು. ಅದರ ಹಕ್ಕನ್ನು ಹೋರನು ನಾಮಮಾತ್ರದ ಬೆಲೆಗೆ ರಕ್ಷಣಾ ನೌಕೆಗಳ ಸಂಸ್ಥೆಗೆ ಬಿಟ್ಟುಕೊಟ್ಟನು.

ಈ ಪ್ರಸಂಗದಲ್ಲಿ ಹತ್ತು ಗುಣಗಳೂ ಇವೆ. ತಳವೇಕೆ ಸವೆಯಿತೆಂದು ಕೇಳಿದುದು ಜಿಜ್ಞಾಸೆ; ಬೇರೆ ಬೇರೆ ಭಾಷೆಯವರು ಒಂದೇ ದೋಣಿಯಲ್ಲಿ ಒಬ್ಬರ ಕೂಗನ್ನೊಬ್ಬರು ಅರಿತುದು ಸಂವಾದ; ಅಲೆಗೆ ಎದುರಾದುದು ಸಾಹಸ; ಲಾಭವನ್ನು ಬಯಸದುದು ನೀತಿ. ಆದರೆ ಯಾರೂ ಈ ಗುಣಗಳನ್ನು ಗಳಿಸಬೇಕೆಂದು ನೀರಿಗಿಳಿಯಲಿಲ್ಲ. ಮುಳುಗುವವರನ್ನು ಎತ್ತಬೇಕೆಂದು ಇಳಿದರು. ಕಾರ್ಯವು ಅಂಗಿ, ಗುಣಗಳು ಅಂಗ. ಪಟ್ಟಿಯು ಈ ಸಂಬಂಧವನ್ನು ತಲೆಕೆಳಗು ಮಾಡಿ, ಗುಣಗಳ ಬೆಳವಣಿಗೆಗಾಗಿ ಕಾರ್ಯವನ್ನು ಹುಡುಕುವಂತೆ ಮಾಡುವ ಅಪಾಯವುಂಟು. ಆಗ ಸೇವೆಯನ್ನು ಪಡೆಯುವ ಬಡವನು ಸೇವೆ ಮಾಡುವವನ ಅಭ್ಯಾಸದ ಸಾಮಗ್ರಿಯಾಗುತ್ತಾನೆ.

ನಮ್ಮ ದೇಶದಲ್ಲಿಯೂ ಇದಕ್ಕೆ ಸಮಾನವಾದ ದೃಷ್ಟಿಯು ಕಾಣುತ್ತದೆ. ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದ ಶಾಲೆಯನ್ನೂ, ೧೯೨೧ರಲ್ಲಿ ವಿಶ್ವಭಾರತಿಯನ್ನೂ ಸ್ಥಾಪಿಸಿದರು. ವಿಶ್ವವನ್ನು ಒಂದೇ ಗೂಡಿಗೆ ಕರೆದ ಆ ಮಹಾಕವಿಗಳು ಮರುವರ್ಷವೇ ಸಮೀಪದ ಸುರುಲ್ ಗ್ರಾಮದಲ್ಲಿ ಶ್ರೀನಿಕೇತನವನ್ನು ಆರಂಭಿಸಿ, ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲೇಯ ಕೃಷಿತಜ್ಞನ ನೆರವಿನಿಂದ ಹಳ್ಳಿಯ ಬೇಸಾಯ, ಆರೋಗ್ಯ, ಕೈಗಾರಿಕೆಗಳ ಸುಧಾರಣೆಗೆ ತೊಡಗಿದರು. ಮಕ್ಕಳಿಗೆ ಮಾತೃಭಾಷೆಯ ಮೂಲಕವೇ ವಿದ್ಯೆಯು ಸಲ್ಲಬೇಕೆಂಬುದು ಅವರ ದೃಢವಾದ ಮತ. ಪ್ರಪಂಚದ ಕಡೆಗೆ ತೆರೆದ ಬಾಗಿಲೂ, ನೆರೆಯ ಹಳ್ಳಿಯ ಕಡೆಗೆ ನಡೆಯುವ ಹಾದಿಯೂ ಅವರಿಗೆ ಎರಡಾಗಿರಲಿಲ್ಲ.

೬

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ಪಟ್ಟಿಯಿಲ್ಲದಿದ್ದರೆ ಪರೀಕ್ಷೆಯ ಅಂಕಗಳೇ ಶಾಲೆಯ ಸರ್ವಸ್ವವಾಗುವುದಲ್ಲವೇ? ಗುಣಗಳನ್ನು ಹೆಸರಿಸಿದುದರಿಂದಲೇ ಉಪಾಧ್ಯಾಯರಿಗೆ ಅವುಗಳನ್ನು ಕುರಿತು ಮಾತಾಡುವ ಅವಕಾಶವು ದೊರೆಯಿತಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಇದು ಸಿರಿವಂತರ ಮಕ್ಕಳ ಆಭರಣವೆಂದು ಹೀಗಳೆಯುವುದೂ ಪೂರ್ಣವಾಗಿ ನ್ಯಾಯವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕ್ರಮವನ್ನನುಸರಿಸುವ ಶಾಲೆಗಳಲ್ಲಿ ಬಹುಪಾಲು ಸಾರ್ವಜನಿಕ ಶಾಲೆಗಳೇ. ಇನ್ನೊಂದು ವಿವೇಕವನ್ನೂ ಮೆಚ್ಚಬೇಕು. ಡಿಪ್ಲೊಮಾ ಪರೀಕ್ಷೆಯ ಪರಮಾವಧಿ ೪೫ ಅಂಕಗಳು: ಆರು ವಿಷಯಗಳಿಗೆ ತಲಾ ೭ರಂತೆ ೪೨, ಜ್ಞಾನವಿಚಾರ ಮತ್ತು ದೀರ್ಘ ಪ್ರಬಂಧಗಳಿಗೆ ಒಟ್ಟು ೩. ಕಲೆ, ವ್ಯಾಯಾಮ, ಸೇವೆಗಳನ್ನು ಪೂರೈಸದವನಿಗೆ ಡಿಪ್ಲೊಮಾ ಇಲ್ಲ. ಆದರೆ ಅವುಗಳಿಗೆ ಅಂಕವೂ ಇಲ್ಲ. ದಯೆಗೆ ಅಂಕವಿಡಲಾಗದೆಂಬುದನ್ನು ಪರೀಕ್ಷಾಪದ್ಧತಿಯು ಅರಿತಿದೆ. ಪದ್ಧತಿಯಲ್ಲಿರುವ ಈ ಸಂಯಮವು ಪಟ್ಟಿಯ ಬಳಕೆಯಲ್ಲಿಯೂ ಇರಬೇಕೆಂಬುದಷ್ಟೆ ಇಲ್ಲಿನ ಅಭಿಪ್ರಾಯ.

ಮಮ್ಮಟನ ಒರೆಯಲ್ಲಿ ಉಳಿದುವು ಅರಿವು, ನೀತಿ, ದಯೆ, ಮತ್ತು ಇವನ್ನು ನಿಲ್ಲಿಸುವ ಧೈರ್ಯ. ಸಂಖ್ಯೆಯು ಮೂರಾದರೇನು, ನಾಲ್ಕಾದರೇನು. ಹತ್ತನ್ನೂ ಇಟ್ಟುಕೊಂಡರೂ ಬಾಧಕವಿಲ್ಲ. ಆದರೆ ಆ ಹತ್ತರಲ್ಲಿ ಕಾಣದ ಒಂದು ಗುಣವನ್ನು ಹೇಳದೆ ಮುಗಿಸಲಾಗದು. ಅದು ಋಣಪ್ರಜ್ಞೆ. ಪಟ್ಟಿಯ ವಿದ್ಯಾರ್ಥಿಯು ಕೇಳುತ್ತಾನೆ, ತಿಳಿಯುತ್ತಾನೆ, ಮಾತಾಡುತ್ತಾನೆ, ಮುನ್ನುಗ್ಗುತ್ತಾನೆ, ನೆರವಾಗುತ್ತಾನೆ. ಆದರೆ ತಾನು ಯಾರಿಂದಲಾದರೂ ಪಡೆದವನು ಎಂಬುದು ಅವನ ಲಕ್ಷಣದಲ್ಲಿ ಎಲ್ಲಿಯೂ ಬರುವುದಿಲ್ಲ. ಮಾತು ಕಲಿಸಿದ ತಾಯಿ, ಅಕ್ಷರ ಕಲಿಸಿದ ಗುರು, ಅನ್ನವನ್ನು ಬೆಳೆದ ನೆಲ, ಇವುಗಳಿಗೆ ತೆರಬೇಕಾದ ಸಾಲವೊಂದಿದೆಯೆಂದು ಅರಿತವನಿಗೆ ಪರದೇಶದವನ ಸಾಲವೂ ಅರ್ಥವಾಗುತ್ತದೆ. ಊರಿನ ಋಣವನ್ನು ಅರಿಯದೆ ವಿಶ್ವದ ಪೌರನಾದವನು ಎಲ್ಲ ಊರುಗಳಲ್ಲಿಯೂ ಅತಿಥಿಯಾಗಿಯೇ ಉಳಿಯುತ್ತಾನೆ. ಜಿನೀವಾದಲ್ಲಿ ಯುದ್ಧದ ಗಾಯವು ಹಸಿಯಾಗಿದ್ದಾಗ ಹುಟ್ಟಿದ ಈ ಸದುದ್ಯಮವು ಬಯಸಿದುದು ಅತಿಥಿಗಳನ್ನಲ್ಲ, ಎಲ್ಲಿದ್ದರೂ ನೆರೆಯವರಾಗಬಲ್ಲವರನ್ನು. ಮುಂದೆ ಎಂದಾದರೂ ಈ ಪಟ್ಟಿಯನ್ನು ಮರಳಿ ತಿದ್ದುವ ಪ್ರಸಂಗ ಬಂದರೆ, ಬಿಟ್ಟುಹೋದ ಧೈರ್ಯವನ್ನು ಎಂಟನೆಯ ಗುಣಕ್ಕೆ ಹಿಂದಿರುಗಿಸಿ, ಬಾರದಿದ್ದ ಋಣಪ್ರಜ್ಞೆಗೆ ಒಂದು ಸಾಲಿನಷ್ಟಾದರೂ ಎಡೆಮಾಡಿಕೊಡುವುದು ಆ ಮೂಲಸಂಕಲ್ಪಕ್ಕೆ ಅನುಗುಣವಾದೀತು.